ನೇರಳಕ್ಕನ ಮನೆಗೆ ಬಂದ ಕಲ್ಲುಹೂವು

ಬಂದರಿನ ಆಸ್ಪತ್ರೆಯವರು ನೇರಳಕ್ಕನಿಗೆ ಒಂದು ಬೇಸಗೆಯ ಕೂಲಿ ಇನ್ನೂ ಕೊಡಬೇಕು. ಕೊಡುವುದಿಲ್ಲ ಎಂದು ಅವರು ಹೇಳಿಲ್ಲ, ಕೊಡುತ್ತೇವೆ ಎಂದೂ ಹೇಳಿಲ್ಲ. ಅವಳು ಹೋಗಿ ಕೇಳಿದಾಗಲೆಲ್ಲ ಕಿಟಕಿಯ ಆಚೆ ಕೂತವನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾನೆ, ಮತ್ತೆ ಹಾಕಿಕೊಳ್ಳುತ್ತಾನೆ, ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ.

ತಪ್ಪು ಅವಳದಂತೆ. ಆ ಬೇಸಗೆ ಅವಳು ಒಗೆದು ಒಣಗಿಸಿ ಕಳಿಸಿದ ಹಾಸಿಗೆ ಬಟ್ಟೆಗಳ ಮೇಲೆ ನೇರಳೆ ಬಣ್ಣದ ಕಲೆಗಳು ಕೂತಿದ್ದವು. ಒಬ್ಬ ರೋಗಿ ಬೆಳಗ್ಗೆ ಎದ್ದು ತನ್ನ ಮಗ್ಗುಲಲ್ಲಿ ಅಂಗೈಯಗಲದ ನೇರಳೆ ಕಂಡು, ಮೈಯ ರಕ್ತವೇ ಬಣ್ಣ ಕೆಟ್ಟು ಸೋರಿದೆ ಎಂದುಕೊಂಡು, ನರ್ಸಿನ ಕೈ ಹಿಡಿದು ಯಾವ ಮಗನಿಗೆ ಯಾವ ಪಾಲು ಎಂದು ಹೇಳತೊಡಗಿದನಂತೆ. ಕತೆ ಆಸ್ಪತ್ರೆಯಲ್ಲಿ ಹುಟ್ಟಿತು, ನಮ್ಮ ಕೊಲ್ಲಿಯ ತನಕ ಬರುವಷ್ಟರಲ್ಲಿ ಬಟ್ಟೆ ಒಗೆಯುವ ಹೆಂಗಸಿಗೆ ಹೆಸರಾಗಿ ಅಂಟಿಕೊಂಡಿತು. ಮೊದಲು ಮಕ್ಕಳು ನೇರಳೆ ಅಂದರು, ಆಮೇಲೆ ದೊಡ್ಡವರು, ಕೊನೆಗೆ ಅವಳ ಗಂಡನೂ. ನಮಗೆಲ್ಲ ಅವಳು ನೇರಳಕ್ಕ.

ಕಲೆ ಬಿದ್ದದ್ದು ಹೇಗೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಸ್ಪತ್ರೆಯ ಬಟ್ಟೆಯನ್ನು ಕಾಸ್ಟಿಕ್ ಸೋಡಾ ಹಾಕಿದ ಹಂಡೆಯಲ್ಲಿ ಕುದಿಸಬೇಕು. ಕುದಿಸಿ, ಬಡಿದು, ಜಾಲಾಡಿ, ಹಿಂಡಿ, ಕಡಲ ಬಂಡೆಗಳ ಮೇಲೆ ಹರವುವುದು ಅವಳ ಅತ್ತೆಯ ಕಾಲದಿಂದ ನಡೆದು ಬಂದ ಕ್ರಮ. ಆ ಬೇಸಗೆ ಬಾವಿಯ ನೀರು ತಳ ಕಂಡಿತ್ತು. ಜಾಲಾಡುವುದರಲ್ಲಿ ಒಂದು ಸುತ್ತು ಕಡಿಮೆಯಾಗಿ ಬಟ್ಟೆಯಲ್ಲಿ ಸೋಡಾ ಉಳಿಯಿತು. ಅತ್ತೆ ಹರವುತ್ತಿದ್ದ ಬೂದು ಬಂಡೆಯ ಮೇಲೆಯೇ ಇವಳೂ ಹರವಿದಳು. ಬಂಡೆ ಮಾತ್ರ ಅತ್ತೆ ಬಿಟ್ಟುಹೋದ ಹಾಗೆ ಇರಲಿಲ್ಲ. ಕೆಳಗಿನಿಂದ ಕಿತ್ತಳೆ ಬಣ್ಣದ ಕಲ್ಲುಹೂವು ಹತ್ತಿ ಬಂದು ಅಲ್ಲಲ್ಲಿ ತೆಳುವಾಗಿ ಕೂತಿತ್ತು. ಈ ಕಿತ್ತಳೆ ಹೂವಿನ ಗುಣವೆಂದರೆ, ಸೋಡಾ ನೀರು ತಾಗಿದರೆ ನೇರಳೆ ಬಣ್ಣ ಕಾರುತ್ತದೆ. ತುಕ್ಕು ಕಾರುವುದಿಲ್ಲ, ಬಣ್ಣ ಬಳಿದದ್ದು ಕಾರುವುದಿಲ್ಲ, ಇದು ಮಾತ್ರ ಕಾರುತ್ತದೆ.

ಹೂವು ಅನ್ನುತ್ತೇವೆ, ಹೂವಲ್ಲ. ಬಂಡೆಗೆ ಹಕ್ಕಳೆಯಂತೆ ಅಂಟಿಕೊಂಡು ಬೆಳೆಯುವ ಜೀವ ಅದು. ಶಿಲೀಂಧ್ರವೂ ಪಾಚಿಯೂ ಒಂದೇ ಸೂರಿನಡಿ ಸಂಸಾರ ಹೂಡಿ, ಯಾರದು ಅಡುಗೆ ಯಾರದು ಮನೆ ಎಂದು ಜಗಳವಾಡದೆ ಬದುಕುತ್ತವೆ. ಬೇರಿಲ್ಲ. ಗಾಳಿಯಲ್ಲಿ ಬಂದದ್ದೇ ಊಟ, ಮಂಜಿನಲ್ಲಿ ಬಂದದ್ದೇ ನೀರು. ಅದಕ್ಕೇ ಗಾಳಿ ಕೆಟ್ಟರೆ ಮೊದಲು ಅದಕ್ಕೆ ಗೊತ್ತಾಗುತ್ತದೆ, ಕಡಲು ಒಂದು ಹೆಜ್ಜೆ ಮುಂದಿಟ್ಟರೂ ಮೊದಲು ಅದಕ್ಕೇ ಗೊತ್ತಾಗುತ್ತದೆ.

ನಮ್ಮ ಕೊಲ್ಲಿಗೆ ಎರಡು ತೋಳು. ದೋಣಿಯಲ್ಲಿ ಕೂತು ನೋಡಿದರೆ ಎರಡೂ ತೋಳಿನ ಬಂಡೆಗಳಿಗೆ ಯಾರೋ ಮೂರು ಪಟ್ಟಿ ಎಳೆದ ಹಾಗೆ ಕಾಣುತ್ತದೆ. ಉಬ್ಬರದ ನೀರು ಮುಟ್ಟಿ ಹೋಗುವ ಕಡೆ ಡಾಂಬರು ಬಳಿದಂಥ ಕಪ್ಪು. ಅದರ ಮೇಲೆ, ತುಂತುರು ಮಾತ್ರ ಮುಟ್ಟುವಲ್ಲಿ, ಕಿತ್ತಳೆ. ಅದಕ್ಕೂ ಮೇಲೆ, ಗಾಳಿಯಲ್ಲಿ ಉಪ್ಪಿನ ವಾಸನೆ ಮಾತ್ರ ಸಿಗುವಲ್ಲಿ, ಬೂದು. ಅಲ್ಲಿ ಕಲ್ಲುಹೂವಿಗೆ ಗಡ್ಡ ಬಂದಿರುತ್ತದೆ, ಗಾಳಿಗೆ ಆಡುತ್ತದೆ. ಮಂಜು ಇಳಿದ ಬೆಳಗಿನಲ್ಲಿ ಬಂಡೆ ಕಾಣುವುದಿಲ್ಲ, ಪಟ್ಟಿಗಳಷ್ಟೇ ತೇಲುತ್ತವೆ. ಕಡಲು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಕೇಳಿದರೆ ನಮ್ಮವರು ಕೈ ಎತ್ತಿ ಆ ಕಿತ್ತಳೆಯನ್ನು ತೋರಿಸುತ್ತಿದ್ದರು.

ಕಲ್ಲಿದ್ದಲಿನ ಯಾರ್ಡು ಬರುವ ಕಾಲಕ್ಕೆ ಈ ತೋರಿಸುವ ಚಾಳಿಯೇ ನಮ್ಮ ಒಪ್ಪಂದವಾಯಿತು. ಹಡಗಿನಿಂದ ಕಲ್ಲಿದ್ದಲು ಇಳಿಸಿ ರಾಶಿ ಹಾಕಲು ಅವರಿಗೆ ಕೊಲ್ಲಿ ಇಡೀ ಬೇಕಿತ್ತು. ನಾವು ದಾರಿಗೆ ಅಡ್ಡ ಕೂತೆವು. ಲಾರಿಗಳು ನಿಂತವು, ಲಾಠಿಗಳು ಬಂದವು, ನಮ್ಮಲ್ಲಿ ಕೆಲವರ ಮಂಡಿ ಇಂದಿಗೂ ನೆಟ್ಟಗಿಲ್ಲ. ಕೊನೆಗೆ ಅವರೇ ಮಾತಿಗೆ ಕೂತರು. ಬಲದ ತೋಳು ಅವರಿಗೆ, ಎಡದ ತೋಳು ಮತ್ತು ಮರಳು ನಮಗೆ, ಇಷ್ಟು ಇತ್ಯರ್ಥವಾಯಿತು. ಆದರೆ ಕಡಲ ಕಡೆಗೆ ಗಡಿ ಎಲ್ಲಿ? ಅಳೆಯುವವರು ಸರಪಳಿ ಬಿಚ್ಚಿದರು. ನೇರಳಕ್ಕನ ಅತ್ತೆ, ಆಗ ಬದುಕಿದ್ದಳು, ಹಿಂಡುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಸಭೆಯ ನಡುವೆ ಬಂದು ನಿಂತಳು.

"ಕಲ್ಲು ನೆಟ್ರೆ ಕಿತ್ತು ಬೇರೆ ಕಡೆ ನೆಡ್ತಾರೆ," ಅಂದಳು. "ಬೇಲಿ ಹಾಕಿದ್ರೆ ಯಾರದೋ ಒಲೆಗೆ ಹೋಗತ್ತೆ. ಆ ಕಿತ್ತಳೆ ಗೆರೆ ಇದೆಯಲ್ಲ, ಅದನ್ನ ಯಾವನ ಅಪ್ಪ ಎತ್ತಿಡ್ತಾನೆ?"

ನಾವು ಬಿದ್ದು ಬಿದ್ದು ನಕ್ಕೆವು, ಚಪ್ಪಾಳೆ ತಟ್ಟಿದೆವು, ಯಾರ್ಡಿನವರೂ ನಕ್ಕು ಒಪ್ಪಿದರು. ಕಿತ್ತಳೆಯಿಂದ ಕೆಳಗಿನದು ಕಡಲಿಗೂ ಕಡಲಿನಿಂದ ಉಣ್ಣುವವರಿಗೂ ಸೇರಿದ್ದು. ಅಲ್ಲಿ ಗೋಡೆ ಏಳಬಾರದು; ಯಾವಾಗ ನೋಡಿದರೂ, ಗೆರೆಯ ಕೆಳಗೆ ಯಾರ ಗೋಡೆ ಕಂಡರೂ ಇಳಿಸಬೇಕು. ಆ "ಯಾರ" ಎಂಬ ಮಾತು ಇರಲೇಬೇಕೆಂದು ಹಟ ಹಿಡಿದವರು ನಾವೇ. ನಾಳೆ ಯಾರ್ಡಿನವರು ಬೇರೆ ಹೆಸರು ಹೊದ್ದು ಬಂದರೆ ತಪ್ಪಿಸಿಕೊಳ್ಳಬಾರದು ಎಂದು ನಮ್ಮ ಲೆಕ್ಕ. ಎರಡೂ ಕಡೆಯವರೂ ಅಂದು ಒಂದೇ ತಪ್ಪು ಮಾಡಿದೆವು. ಬದುಕಿರುವುದನ್ನು ಗಡಿಯಾಗಿ ಇಟ್ಟೆವು. ಅದು ನಡೆದಾಡುತ್ತದೆ ಎಂಬುದು ಅಲ್ಲಿದ್ದ ಒಂದು ತಲೆಗೂ ಹೊಳೆಯಲಿಲ್ಲ.

ಯಾರ್ಡಿನವರು ಬಲದ ತೋಳಿನಲ್ಲಿ ಗೆರೆಗಿಂತ ಸ್ವಲ್ಪವೇ ಮೇಲೆ ಉದ್ದಕ್ಕೆ ಗೋಡೆ ಕಟ್ಟಿದರು. ಎಡದ ತೋಳಿನಲ್ಲಿ, ಅದೇ ಎತ್ತರದಲ್ಲಿ, ನೇರಳಕ್ಕನೂ ಅವಳ ಗಂಡನೂ ಮನೆ ಕಟ್ಟಿಕೊಂಡರು. ಗಂಡನದು ದೋಣಿಯ ಹಲಗೆಗಳ ಸಂದಿಗೆ ಹತ್ತಿಯ ಹುರಿ ತುಂಬಿ ಡಾಂಬರು ಬಳಿಯುವ ಕೆಲಸ. ಅಡಿಪಾಯಕ್ಕೆ ಕಲ್ಲು ಹೊತ್ತದ್ದು ಇಬ್ಬರೂ. ಒಳಗೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ಅವನ ಕೊಡತಿ, ಉಳಿ, ಡಾಂಬರಿನ ಡಬ್ಬ. ಇನ್ನೊಂದು ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಗಂಜಿಯ ಪಾತ್ರೆ, ಸೂರು ಮುಟ್ಟುವ ಹಾಗೆ ಮಡಚಿಟ್ಟ ಆಸ್ಪತ್ರೆಯ ಬಟ್ಟೆ. ನಡುವೆ ಇಬ್ಬರು ಮಲಗುವಷ್ಟು ಜಾಗ. ಅದರಲ್ಲೂ ಅವನು ಅಡ್ಡಡ್ಡ ಮಲಗುತ್ತಾನೆ ಎಂದು ಅವಳ ತಕರಾರು. ಆ ಮನೆ ಬಿಟ್ಟರೆ ಅವರಿಗೆ ಭೂಮಿಯ ಮೇಲೆ ತಮ್ಮದು ಎನ್ನುವ ಇನ್ನೊಂದು ಗೋಡೆ ಇರಲಿಲ್ಲ. ಬಾಡಿಗೆ ಕೇಳಲು ಯಾರೂ ಬಾಗಿಲು ಬಡಿಯದ ಮನೆ ಅದು.

ಬಟ್ಟೆ ಒಗೆಯುವವರ ದಿನ ಹಬೆಯಲ್ಲಿ ಶುರುವಾಗುತ್ತದೆ. ಹಂಡೆಯ ಬಾಯಿಂದ ಎದ್ದ ಹಬೆ ಮಂಜಿಗೆ ಸೇರಿ, ಮಂಜು ಬಂಡೆಗೆ ಸೇರಿ, ಅವಳು ಅದರ ನಡುವೆ ಸೊಂಟದವರೆಗೆ ಮಾತ್ರ ಕಾಣುವಳು. ಮಧ್ಯಾಹ್ನದ ಹೊತ್ತಿಗೆ ಬಂಡೆಯ ತುಂಬ ಬಿಳಿ ಬಟ್ಟೆ. ಗಾಳಿ ಕೆಳಗೆ ನುಗ್ಗಿ ಉಬ್ಬಿಸಿದಾಗ ಬಟ್ಟೆಯ ಅಡಿಯಲ್ಲಿ ಯಾರೋ ಮಲಗಿದ್ದು ಏಳುತ್ತಿದ್ದಾರೆ ಎನಿಸುತ್ತದೆ, ಗಾಳಿ ಬಿಟ್ಟಾಗ ಮತ್ತೆ ಮಲಗುತ್ತಾರೆ. ಬಟ್ಟೆ ಒಣಗುವ ತನಕ ಅವಳಿಗೆ ಬಿಡುವು. ಬಂಡೆಯ ನೆರಳಿನಲ್ಲಿ ಕೆನ್ನೆಯನ್ನು ಕಲ್ಲಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದಳು. ಕಲ್ಲುಹೂವು ಕೆನ್ನೆಗೆ ಒರಟು, ಒಣಗಿದ ರೊಟ್ಟಿಯ ಅಂಚಿನ ಹಾಗೆ. ಅದು ಬೆಳೆಯುವುದು ವರ್ಷಕ್ಕೆ ಉಗುರಿನ ಅಂಚಿನಷ್ಟು. ಅಷ್ಟು ನಿಧಾನದ ಜೀವಕ್ಕೆ ಕೆನ್ನೆ ಕೊಟ್ಟು ಮಲಗಿದರೆ ನಿದ್ದೆಯೂ ಹಾಗೆಯೇ ಬರುತ್ತದೆ ಎನ್ನುತ್ತಿದ್ದಳು, ತಳವಿಲ್ಲದ ಹಾಗೆ.

"ನಿನ್ನೆ ನಿದ್ದೆಯಲ್ಲಿ ಈ ಬಂಡೆ ಮಗ್ಗುಲು ಬದಲಿಸ್ತು ಕಣ್ರೀ," ಎಂದು ಒಮ್ಮೆ ಗಂಡನಿಗೆ ಹೇಳಿದಳು.

"ನೀನೇ ಒದ್ದಿರ್ತೀಯ," ಅಂದ ಅವನು, ಹುರಿ ಹೊಸೆಯುತ್ತಾ.

"ಇಲ್ಲ, ಮೇಲಕ್ಕೆ ಸರೀತು. ಕಾಲು ನೀರಿಗೆ ತಾಗಿದ್ರೆ ನಾವು ಕಾಲು ಎಳ್ಕೊಳ್ತೀವಲ್ಲ, ಹಾಗೆ."

ಅವನು ನಕ್ಕ. ಆದರೆ ಅವಳು ಕಂಡದ್ದು ಬರೀ ಕನಸಲ್ಲ. ಯಾರ್ಡಿನವರು ಹಡಗು ನಿಲ್ಲಿಸಲು ಕಡಲೊಳಗೆ ಕಲ್ಲು ಸುರಿದು ಅಡ್ಡಗಟ್ಟೆ ಹಾಕಿದ್ದರು. ಅಲ್ಲಿಗೆ ಬಡಿದ ಅಲೆ ತಿರುಗಿ ಕೊಲ್ಲಿಯೊಳಗೆ ನುಗ್ಗತೊಡಗಿತು. ಕಡಲೂ ತನ್ನಷ್ಟಕ್ಕೆ ತಾನು ಉಬ್ಬುತ್ತಿತ್ತು. ಅದು ನಮ್ಮ ಕೊಲ್ಲಿಯೊಂದರ ಸುದ್ದಿಯಲ್ಲ. ಕಪ್ಪು ಪಟ್ಟಿ ಕಿತ್ತಳೆಯೊಳಗೆ ಕೈ ಚಾಚಿತು, ಕಿತ್ತಳೆ ಬೂದಿನೊಳಗೆ ಕೈ ಚಾಚಿತು. ಬೂದಿಗೆ ಮೇಲೆ ಹೋಗಲು ಜಾಗವಿತ್ತು, ಗಾಳಿಯಿರಲಿಲ್ಲ. ಕಲ್ಲಿದ್ದಲಿನ ಪುಡಿ ಬೀಸುವ ಕಡೆ ಗಡ್ಡದ ಕಲ್ಲುಹೂವು ಒಂದೊಂದೇ ಎಳೆ ಉದುರಿ ಬಂಡೆ ಬೋಳಿಸಿದ ಮುಖದ ಹಾಗಾಯಿತು. ನೇರಳಕ್ಕ ವರ್ಷವರ್ಷವೂ ಬಟ್ಟೆ ಹರವುವ ಜಾಗವನ್ನು ಸ್ವಲ್ಪ ಮೇಲಕ್ಕೆ ಒಯ್ಯುತ್ತಿದ್ದಳು. ಕೂಲಿ ಕಳೆದುಕೊಂಡ ಆ ಬೇಸಗೆಯ ನಂತರ ಹೆಜ್ಜೆ ನೋಡಿಯೇ ಇಡುತ್ತಿದ್ದಳು.

ಕೊನೆಗೆ ಕಿತ್ತಳೆ ಯಾರ್ಡಿನ ಗೋಡೆಯ ಬುಡ ಮುಟ್ಟಿತು. ಮುಟ್ಟಿ, ಗೋಡೆಯ ಮೇಲೂ ಹತ್ತಿತು. ಒಪ್ಪಂದದ ಪ್ರಕಾರ ಗೋಡೆ ಈಗ ಗೆರೆಯ ಕೆಳಗಿತ್ತು. ನಮ್ಮ ಹಳೆಯ ಮಂಡಿಗಳಿಗೆ ಮತ್ತೆ ಜೀವ ಬಂತು. ಗೋಡೆ ಹಿಂದೆ ಸರಿದರೆ ಕಲ್ಲಿದ್ದಲಿನ ರಾಶಿಯೂ ಹಿಂದೆ ಸರಿಯಬೇಕು, ಊರಿನ ಉಸಿರು ಸ್ವಲ್ಪ ಹಗುರಾಗುತ್ತದೆ. ಹೋಗಿ ಕೇಳಿದೆವು. ಯಾರ್ಡಿನ ಮೇಸ್ತ್ರಿ ಗೋಡೆಗೆ ಒರಗಿಸಿದ್ದ ಹಳೆಯ ಕಬ್ಬಿಣದ ತಗಡುಗಳನ್ನು ತೋರಿಸಿದ.

"ಇದು ಕಲ್ಲುಹೂವಲ್ಲ, ತುಕ್ಕು," ಅಂದ. "ಕಬ್ಬಿಣ ಅಂದ್ಮೇಲೆ ತುಕ್ಕು ಸೋರತ್ತೆ. ಮನೆಗೆ ಹೋಗಿ."

ಈ ಮೇಸ್ತ್ರಿ ಬೇರೆ ಯಾರೂ ಅಲ್ಲ, ನೇರಳಕ್ಕನ ಒಡಹುಟ್ಟಿದ ತಮ್ಮ. ಅವಳ ಸೊಂಟದ ಮೇಲೆ ಬೆಳೆದವನು. ರಜೆಯ ದಿನ ಅಕ್ಕನ ಮನೆಗೆ ಬಂದು ಚಹಾ ಕುಡಿದು, ಭಾವನನ್ನು ಗೋಳುಹೊಯ್ದುಕೊಂಡು ಹೋಗುವುದು ಅವನ ರೂಢಿ. ಯಾರ್ಡಿನ ಸಂಬಳ ತಿನ್ನುವ ಬಾಯಿ, ಯಾರ್ಡಿನ ಮಾತಾಡಿತು. ಅದನ್ನು ನಾವು ತಪ್ಪೆನ್ನಲಿಲ್ಲ.

ನಾವು ನೇರಳಕ್ಕನ ಬಳಿ ಹೋದೆವು. ತುಕ್ಕೋ ಹೂವೋ ಎಂದು ಸೋಡಾ ಬಟ್ಟೆ ಇಟ್ಟು ತೋರಿಸುವುದು ಅವಳಿಗೆ ಒಂದು ಚಣದ ಕೆಲಸ. ಅವಳು ಹಂಡೆ ಕಲಕುತ್ತಲೇ ಇದ್ದಳು, ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಇವಳಿಗೇನಾಯಿತು ಎಂದು ನಮಗೆ ತಿಳಿಯಲಿಲ್ಲ. ತಮ್ಮನ ಮೇಲಿನ ಮೋಹ ಎಂದುಕೊಂಡು ಮೂಗು ಮುರಿದು ಬಂದೆವು.

ಕಾರಣ ಆಮೇಲೆ ಅವಳ ಗಂಡನ ಬಾಯಿಂದಲೇ ತಿಳಿದದ್ದು. ಅವರ ಮನೆಯ ಕಡಲ ಕಡೆಯ ಅಡಿಪಾಯದ ಮೇಲೆ, ಮಂಡಿಯೆತ್ತರದಲ್ಲಿ, ಹಪ್ಪಳದಗಲದ ಒಂದು ಕಿತ್ತಳೆ ಮಚ್ಚೆ ಆಗಲೇ ಕೂತಿತ್ತು. ಕಂಡವಳು ಅವಳು. ಅವಳು ಕಂಡದ್ದನ್ನು ಕಂಡವನು ಗಂಡ. ಅದರ ಬಗ್ಗೆ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಒಂದು ದಿನ ಅವಳು ಆಸ್ಪತ್ರೆಯಿಂದ ಗಂಟು ಹೊತ್ತು ಬರುವಷ್ಟರಲ್ಲಿ, ಮನೆಯ ಪಕ್ಕದಲ್ಲಿದ್ದ ನೀರಿನ ಪೀಪಾಯಿ ಉರುಳಿ ಬಂದು ಸರಿಯಾಗಿ ಆ ಮಚ್ಚೆಯ ಮುಂದೆ ನಿಂತಿತ್ತು. ಪೀಪಾಯಿಗೆ ಕಾಲಿರಲಿಲ್ಲವಷ್ಟೆ.

ರಜೆಗೆ ಬಂದ ತಮ್ಮ ಚಹಾದ ಲೋಟ ಹಿಡಿದು ಆ ಪೀಪಾಯಿಯ ಮೇಲೆಯೇ ಕುಂಡೆ ಊರಿದ.

"ಭಾವ, ಇದು ಮೊದ್ಲು ಆ ಕಡೆ ಇತ್ತಲ್ವಾ?"

"ಅದಕ್ಕೂ ಒಂದೇ ಕಡೆ ಕೂತು ಬೇಜಾರಾಗಲ್ವೇನೋ," ಅಂದ ಭಾವ. "ನೀನು ಆ ಯಾರ್ಡಲ್ಲಿ ಕೂತು ಕೂತು ಕಪ್ಪಾಗಿಲ್ವಾ."

"ನಾನು ಹುಟ್ಟಿದ್ದೇ ಕಪ್ಪು. ಅಕ್ಕನ್ನ ಕೇಳು."

"ಕಪ್ಪೇನೋ ಹೌದು," ಎಂದಳು ಅಕ್ಕ ಒಳಗಿಂದ. "ಬುದ್ಧಿ ಆಮೇಲೆ ಕಪ್ಪಾಗಿದ್ದು."

ಮೂವರೂ ನಕ್ಕರು. ನಗುವಾಗ ತಮ್ಮ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಬಗ್ಗಿದವನ ಕಣ್ಣು ಪೀಪಾಯಿಯ ಹಿಂದೆ ಎಷ್ಟು ಹೊತ್ತು ನಿಂತಿತು ಎಂಬುದನ್ನು ಅಕ್ಕ ಬಾಗಿಲಿನಿಂದ ನೋಡಿದಳು. ಅವನು ಲೋಟ ಕೊಟ್ಟು ಹೋದ.

ಆ ಸಂಜೆ ಗಂಡ ತಂತಿಯ ಬ್ರಷ್ಷು ತೆಗೆದ. ದೋಣಿಯ ತಳದ ಚಿಪ್ಪು ಕೆರೆಯುವ ಬ್ರಷ್ಷು. ಕಲ್ಲುಹೂವು ಅದಕ್ಕೆ ಯಾವ ಲೆಕ್ಕ.

"ನಾಲ್ಕು ಸಲ ಎಳೆದ್ರೆ ಹೋಯ್ತು," ಅಂದ. "ಮತ್ತೆ ಬರೋದಕ್ಕೆ ಅದಕ್ಕೆ ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ನಾವು ಇರ್ತೀವೋ ಇಲ್ವೋ."

"ಎಳೀರಿ," ಎಂದಳು ಅವಳು.

ಅವನು ಎಳೆಯಲಿಲ್ಲ. ಅವಳ ದನಿ ಅವನಿಗೆ ಸರಿ ಕಾಣಲಿಲ್ಲ.

"ಎಳೀರಿ ಅಂದ್ನಲ್ಲ. ಆ ಕಡೆ ತಮ್ಮನ ಹತ್ರಾನೂ ಇದೇ ಬ್ರಷ್ಷು ಇದೆ. ಅವನು ಇನ್ನೂ ಯಾಕೆ ಎಳೆದಿಲ್ಲ ಅಂತ ನಂಗೆ ಗೊತ್ತಿಲ್ಲ. ನಾವು ಎಳೆದ ಸುದ್ದಿ ತಿಳಿದ್ರೆ ಅವನೂ ಎಳೀತಾನೆ. ಆಮೇಲೆ ಕೊಲ್ಲೀಲಿ ಗೆರೆ ಅಂತ ಒಂದು ಇರೋದೇ ಇಲ್ಲ."

"ಮನೆ ಇರತ್ತಲ್ಲ."

"ಮನೆ ಇರತ್ತೆ," ಎಂದಳು. ಅಷ್ಟು ಹೇಳಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ಕಡಲ ಮೇಲೆ ಬೆಳಕು ಆರುತ್ತಾ ಬಂದು, ಬಂಡೆಯ ಕಿತ್ತಳೆ ಕೊನೆಯದಾಗಿ ಆರಿತು. ಎಲ್ಲ ಬಣ್ಣ ಹೋದ ಮೇಲೂ ಅದು ಸ್ವಲ್ಪ ಹೊತ್ತು ಉಳಿಯುತ್ತದೆ, ಕಣ್ಣು ಮುಚ್ಚಿದ ಮೇಲೆ ಒಳಗೆ ಉಳಿಯುವ ಹಾಗೆ. ಅವನು ಬ್ರಷ್ಷನ್ನು ಪಕ್ಕದಲ್ಲಿಟ್ಟು ಕೂತ. ಇಬ್ಬರೂ ಏನನ್ನೂ ತೀರ್ಮಾನಿಸಲಿಲ್ಲ. ಕೆಲವರು ಇಂಥ ಕಡೆ ದೊಡ್ಡ ಮಾತಾಡಿದರು ಎಂದು ಬರೆಯುತ್ತಾರೆ. ಇವರು ಸೊಳ್ಳೆ ಹೊಡೆದುಕೊಂಡು ಒಳಗೆ ಹೋಗಿ ಮಲಗಿದರು.

ನಾವು ಮತ್ತೆ ಹೋದೆವು. ಈ ಸಲ ಅವಳು ಕೇಳಿಸಿಕೊಂಡಳು. ಯಾರ್ಡಿನ ಮ್ಯಾನೇಜರೂ ಬರುವುದಾದರೆ ಬರುತ್ತೇನೆ, ಬೆನ್ನ ಹಿಂದೆ ಮಾಡುವ ಕೆಲಸವಲ್ಲ ಅದು ಎಂದಳು.

ಮ್ಯಾನೇಜರು ಬಂದರು. ಅಂದು ಬಿಸಿಲಿಗೆ ಮುಸುಕು ಹಾಕಿದಂಥ ಮಧ್ಯಾಹ್ನ. ಕಡಲು ಹಾಲಿನ ಬಣ್ಣಕ್ಕೆ ತಿರುಗಿ ಅಲುಗಾಡದೆ ನಿಂತಿತ್ತು, ಹಡಗೊಂದು ನೀರಿನ ಮೇಲಲ್ಲ, ಗಾಳಿಯಲ್ಲಿ ತೂಗಿದ ಹಾಗಿತ್ತು. ಜನ ಪಿಸುಮಾತಾಡಿದರೂ ಕೇಳುತ್ತಿತ್ತು. ನೇರಳಕ್ಕ ಒಂದು ಬಕೀಟು ಸೋಡಾ ನೀರು, ಹಳೆಯ ಹಾಸಿಗೆ ಬಟ್ಟೆಯ ಹರಿದ ತುಂಡುಗಳನ್ನು ತಂದಿದ್ದಳು. ಅವಳ ತಮ್ಮ ಮ್ಯಾನೇಜರ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ. ಅವಳು ಒಂದು ತುಂಡನ್ನು ನೆನೆಸಿ ಗೋಡೆಯ ಕೆಂಪು ಮಚ್ಚೆಯೊಂದರ ಮೇಲೆ ಅಂಗೈಯಿಂದ ಒತ್ತಿ ಹಿಡಿದು ತೆಗೆದಳು. ಬಟ್ಟೆ ಹಾಗೇ ಇತ್ತು, ಕೊಂಚ ಕಂದು.

"ತುಕ್ಕು," ಎಂದಳು.

"ನಾನು ಹೇಳ್ಲಿಲ್ವಾ," ಎಂದ ತಮ್ಮ. ನಮ್ಮವರ ಮುಖ ಬಿದ್ದುಹೋಯಿತು.

ಅವಳು ಎರಡು ಮಾರು ಆಚೆ ಹೋಗಿ ಇನ್ನೊಂದು ಮಚ್ಚೆಗೆ ಒತ್ತಿದಳು. ಈ ಸಲ ಬಟ್ಟೆಯ ನಡುವೆ ಮೊದಲು ಒಂದು ಹನಿಯಷ್ಟು ಮೂಡಿತು. ಆಮೇಲೆ ಹನಿಯ ಸುತ್ತ ಇನ್ನೊಂದು ಸುತ್ತು, ಅದರಾಚೆ ಇನ್ನೊಂದು. ಬೆಳ್ಳಗಿನ ಬಟ್ಟೆಯೊಳಗೆ ಯಾರೋ ನಿದ್ದೆಯಿಂದ ನಿಧಾನ ಕಣ್ಣು ಬಿಟ್ಟ ಹಾಗೆ ನೇರಳೆ ಹರಡಿತು. ಅವಳು ಆ ಬಟ್ಟೆಯನ್ನು ಗೋಡೆಗೇ ಅಂಟಿಸಿ ಬಿಟ್ಟು ಮುಂದೆ ಹೋದಳು. ಮತ್ತೊಂದು ನೇರಳೆ, ನಡುವೆ ಒಂದು ತುಕ್ಕು, ಮತ್ತೆ ನೇರಳೆ. ಗೋಡೆಯ ಕೊನೆ ತಲುಪುವಷ್ಟರಲ್ಲಿ ಗೆರೆ ಎಲ್ಲಿದೆ ಎಂದು ಕಣ್ಣಿದ್ದವರಿಗೆಲ್ಲ ಕಂಡಿತು.

ಮ್ಯಾನೇಜರು ಕೆಟ್ಟ ಮನುಷ್ಯರಲ್ಲ, ಚುರುಕು ಮನುಷ್ಯ. ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, "ಸರಿ, ಇಲ್ಲಿಗೆ ಬಂದಿದೆ ಅಂತ ಇಟ್ಕೊಳ್ಳೋಣ," ಎಂದರು. ಆಮೇಲೆ ತಮ್ಮನ ಕಡೆ ತಿರುಗಿದರು. "ಆ ಕಡೆ ತೋಳಿನ ಮೇಲೆ ಏನಾದ್ರೂ ಇದೆಯೇನ್ರೀ ಮೇಸ್ತ್ರಿ? ನೀವು ಅಲ್ಲಿಗೆ ಹೋಗಿ ಬರ್ತೀರಲ್ಲ."

ತಮ್ಮ ಕಡಲು ನೋಡಿದ. ನೋಡಲು ಅಲ್ಲಿ ಆ ಹಡಗು ಬಿಟ್ಟರೆ ಏನೂ ಇರಲಿಲ್ಲ.

"ನಂಗೇನ್ ಗೊತ್ತು ಸಾರ್," ಎಂದ. "ನಾನು ಅಕ್ಕನ ಮನೆಗೆ ಚಹಾ ಕುಡಿಯೋಕೆ ಹೋಗ್ತೀನಿ. ಕಲ್ಲು ನೋಡೋಕಲ್ಲ."

ಅಲ್ಲಿಗೆ ಮುಗಿಯಬಹುದಿತ್ತು. ನಾವು ಗೆದ್ದಿದ್ದೆವು, ಅವಳ ಮನೆಯೂ ಉಳಿದಿತ್ತು. ಅವಳು ಬಕೀಟು ಎತ್ತಿಕೊಂಡು ನಡೆದುಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವಳು ಬಕೀಟನ್ನು ಎತ್ತಿಕೊಂಡಳು ಕೂಡ. ಆದರೆ ತಮ್ಮನ ಮುಂದೆ ಹೋಗಿ ನಿಂತಳು.

"ನೀನ್ಯಾಕೋ ನಂಗೆ ಉಪಕಾರ ಮಾಡ್ತೀಯ?"

"ಅಕ್ಕಾ, ಸುಮ್ನಿರು," ಎಂದ ಅವನು ಹಲ್ಲು ಕಚ್ಚಿ.

"ಸುಮ್ನೇ ಇದ್ದೆ ಇಷ್ಟು ದಿನ. ಇವತ್ತು ನೀನು ಬಾಯಿ ಮುಚ್ಕೊಂಡಿದ್ದಕ್ಕೆ ನಾಳೆ ಇವರು ನನ್ನ ಬಾಯಿ ಮುಚ್ಚಿಸ್ತಾರೆ. ನೀನು ಅವರ ಆಳು, ಇವತ್ತಲ್ಲ ನಾಳೆ ಹೇಳಬೇಕಾಗತ್ತೆ. ಆಗ ಇಡೀ ಕೊಲ್ಲೀಲಿ ಗೆರೆ ಸುಳ್ಳು ಅಂತಾರೆ. ನನ್ನ ಒಂದು ಕೋಣೆಗೆ ಅಷ್ಟು ಬೆಲೆ ಇಲ್ಲ ಕಣೋ." ಆಮೇಲೆ ನಮ್ಮೆಲ್ಲರ ಕಡೆ ನೋಡಿ, "ಬನ್ನಿ," ಎಂದಳು. "ಪೀಪಾಯಿ ಸರಿಸೋಕೆ ಒಬ್ಬರಿಂದ ಆಗಲ್ಲ."

ಮರಳಿನ ಮೇಲೆ ಎಲ್ಲರೂ ಹೋದೆವು, ಮ್ಯಾನೇಜರು ಛತ್ರಿಯ ಸಮೇತ. ಆ ಮುಸುಕಿನ ಬೆಳಕಿನಲ್ಲಿ ನಮಗೆ ನೆರಳೂ ಇರಲಿಲ್ಲ, ಬೇರೆ ಯಾರದೋ ನಿದ್ದೆಯೊಳಗೆ ಹೆಜ್ಜೆ ಹಾಕಿದ ಹಾಗಿತ್ತು. ಮನೆ ಮುಟ್ಟುವಾಗ, ನಮಗಿಂತ ಮುಂದೆ ನಡೆದಿದ್ದ ಅವಳ ಗಂಡ ಪೀಪಾಯಿಗೆ ಆಗಲೇ ಭುಜ ಕೊಟ್ಟಿದ್ದ. ಅದು ತುಂಬಿತ್ತು. ಅರ್ಧ ಸರಿಯಿತು, ನಿಂತಿತು. ತಮ್ಮ ಮುಂದೆ ಬಂದು ಇನ್ನೊಂದು ಭುಜ ಕೊಟ್ಟ. ನೀರು ಇಬ್ಬರ ಮೇಲೂ ಚೆಲ್ಲಿತು.

"ಕೂತು ಬೇಜಾರಾಗಿತ್ತು ಅಂದಿದ್ಯಲ್ಲ ಭಾವ," ಎಂದ ತಮ್ಮ.

"ಈಗ ಹೊರಟಿದೆ ನೋಡು," ಎಂದ ಭಾವ.

ನೇರಳಕ್ಕ ಬಟ್ಟೆ ನೆನೆಸಿ, ತಾನೇ ಹೊತ್ತು ತಂದ ಕಲ್ಲಿಗೆ ಒತ್ತಿದಳು. ಬಣ್ಣ ಬರಲು ಅಲ್ಲಿ ಹಿಡಿದಷ್ಟೇ ಹೊತ್ತು ಇಲ್ಲೂ ಹಿಡಿಯಿತು. ತುಕ್ಕಾಗಿರಲಿ ಎಂದು ನಮ್ಮಲ್ಲಿ ಅರ್ಧ ಜನ ಉಸಿರು ಬಿಗಿಹಿಡಿದಿದ್ದೆವು, ಆ ಕಲ್ಲಿನ ಹತ್ತಿರ ಕಬ್ಬಿಣದ ಒಂದು ಮೊಳೆಯೂ ಇಲ್ಲ ಎಂಬುದು ಕಾಣುತ್ತಿದ್ದರೂ. ನೇರಳೆ ಬಂತು. ಚೆನ್ನಾಗಿಯೇ ಬಂತು.

ಮನೆ ಇಳಿಸಿದ್ದು ಅವರೇ. ನಾವು ಕೈ ಹಾಕಲು ಹೋದಾಗ ಗಂಡ, "ಹಂಚು ಒಡೆದ್ರೆ ನಿಮ್ಮ ತಲೆ ಮೇಲೆ ಸಾಲ," ಎಂದು ಗದರಿದ. ಹಂಚನ್ನು ಒಂದೊಂದಾಗಿ ಇಳಿಸಿದರು, ತೊಲೆಗಳನ್ನು ಬಿಚ್ಚಿದರು, ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತರು. ನೇರಳಕ್ಕ ಅತ್ತಳೇ ಎಂದು ಕೇಳುವವರಿದ್ದಾರೆ. ಗೋಡೆಯ ಮಣ್ಣಿನ ದೂಳು ಎಲ್ಲರ ಕಣ್ಣಲ್ಲೂ ನೀರು ತರಿಸಿತ್ತು, ಬೇರೆ ನನಗೆ ಗೊತ್ತಿಲ್ಲ. ಈಗ ಅವರು ದೋಣಿ ರಿಪೇರಿಯ ಕೊಟ್ಟಿಗೆಯ ಅಟ್ಟದಲ್ಲಿದ್ದಾರೆ, ಬಾಡಿಗೆಗೆ. ತಲೆ ಬಗ್ಗಿಸಿ ಒಳಗೆ ಹೋಗಬೇಕು. ಡಾಂಬರಿನ ವಾಸನೆ ಆಸ್ಪತ್ರೆಯ ಬಟ್ಟೆಗೆ ಹತ್ತುತ್ತದೆ ಎಂದು ಅವಳು ಗಂಟುಗಳನ್ನು ಕಿಟಕಿಯಲ್ಲಿ ನೇತುಹಾಕುತ್ತಾಳೆ. ಕೆಳಗಿನಿಂದ ನೋಡಿದರೆ ಕೊಟ್ಟಿಗೆಗೆ ಹಾಯಿ ಕಟ್ಟಿದ ಹಾಗೆ ಕಾಣುತ್ತದೆ. ಗುಡ್ಡದ ಮೇಲ್ಭಾಗದಲ್ಲಿ ಅವರಿಗೊಂದು ಜಾಗ ನೋಡಿದ್ದೇವೆ. ರಜೆಯ ದಿನಗಳಲ್ಲಿ ಅವಳ ತಮ್ಮ ಅಲ್ಲಿಗೆ ಕಲ್ಲು ಹೊರುತ್ತಾನೆ. ಮೇಸ್ತ್ರಿಗಿರಿ ಇನ್ನೂ ಇದೆ, ಮ್ಯಾನೇಜರು ಮಾತು ಬಿಟ್ಟಿದ್ದಾರಂತೆ.

ಹಳೆಯ ಮನೆಯ ಅಡಿಪಾಯ ಅಲ್ಲೇ ಇದೆ. ಅದನ್ನು ಕೀಳಲಿಲ್ಲ, ಗೋಡೆಯಲ್ಲವಲ್ಲ. ಹಲವು ಮಳೆಗಾಲ ಕಳೆದ ಮೇಲೆ ಕಿತ್ತಳೆ ಕಲ್ಲಿನಿಂದ ಕಲ್ಲಿಗೆ ಹೋಗಿದೆ. ಒಲೆಯಿದ್ದ ಜಾಗಕ್ಕೆ ಇನ್ನೂ ಹೋಗಿಲ್ಲ, ಮಸಿ ಅದಕ್ಕೆ ಹಿಡಿಸುವುದಿಲ್ಲವೇನೋ. ಮಂಜಿನ ಬೆಳಗಿನಲ್ಲಿ ಆ ಚೌಕ ಒಂದೇ ತೇಲುತ್ತಿರುತ್ತದೆ, ಬಾಗಿಲಿಲ್ಲದ, ಸೂರಿಲ್ಲದ ಕಿತ್ತಳೆ ಕೋಣೆ. ನೇರಳಕ್ಕ ಅದರ ಪಕ್ಕದಿಂದಲೇ ಗಂಟು ಹೊತ್ತು ಮೇಲೆ ಹೋಗುತ್ತಾಳೆ, ಬೂದು ಉಳಿದಿರುವ ಕಡೆಗೆ. ಅಲ್ಲಿ ಬಟ್ಟೆ ಹರವುತ್ತಾಳೆ. ಕೆನ್ನೆ ಆನಿಸಿ ಮಲಗುತ್ತಾಳೆ.

ಬಲದ ತೋಳಿನ ಗೋಡೆ ಮಾತ್ರ ನಿಂತಿದೆ. ಅವಳ ಮನೆ ಇಳಿದ ದಿನ ಅವರ ಗೋಡೆಯೂ ಇಳಿಯಬೇಕಿತ್ತು. ಪರಿಶೀಲನೆ ನಡೆಯುತ್ತಿದೆ ಎನ್ನುತ್ತಾರೆ, ಮೇಲಿನಿಂದ ಅಪ್ಪಣೆ ಬರಲಿ ಎನ್ನುತ್ತಾರೆ, ಕಲ್ಲುಹೂವು ಕಾನೂನಿಗೆ ಗೊತ್ತಿಲ್ಲ ಎಂದು ಹೊಸ ವಕೀಲರೊಬ್ಬರು ಹೇಳಿದ್ದಾರೆ. ಕಿತ್ತಳೆ ಈಗ ಆ ಗೋಡೆಯ ಸೊಂಟಕ್ಕೆ ಬಂದಿದೆ. ಗೋಡೆಯ ಆಚೆಯ ಕಲ್ಲಿದ್ದಲಿನ ದೂಳು ನೀವು ಎಷ್ಟೇ ಕಿಟಕಿ ಮುಚ್ಚಿಕೊಂಡರೂ ನಿಮ್ಮ ತಟ್ಟೆಗೆ ಬೀಳುತ್ತಿದೆ.

ಇದನ್ನು ಓದಿ ಅಯ್ಯೋ ಪಾಪ ಎಂದು ಪುಟ ತಿರುವುವುದಾದರೆ ತಿರುವಬೇಡಿ. ಅವಳಿಗೆ ನಿಮ್ಮ ಪಾಪ ಬೇಕಿಲ್ಲ. ಬರುವ ಅಮಾವಾಸ್ಯೆಯ ದೊಡ್ಡ ಇಳಿತದ ದಿನ, ನೀರು ಹಿಂದೆ ಸರಿದ ಕೂಡಲೇ, ನಾವು ಆ ಗೋಡೆಯ ಬುಡದಲ್ಲಿ ನಿಲ್ಲುತ್ತೇವೆ. ಹಾರೆ ಇದ್ದವರು ಹಾರೆ ತನ್ನಿ, ಇಲ್ಲದವರು ಎರಡು ಕೈ ತನ್ನಿ. ಇಬ್ಬರೇ ಸೇರಿ ತಮ್ಮ ಸೂರು ತಾವೇ ಇಳಿಸಿದರು. ನೀವು ಇಷ್ಟು ಜನ ಸೇರಿ ಒಂದು ಗೋಡೆ ಇಳಿಸಿ. ಬರಲು ಆಗುವುದಿಲ್ಲ ಎನ್ನುವವರು ಆ ಮಾತನ್ನು ನನಗೆ ಹೇಳಬೇಡಿ, ಕೊಟ್ಟಿಗೆಯ ಅಟ್ಟ ಹತ್ತಿ ಹೋಗಿ ಅವಳ ಮುಖ ನೋಡಿ ಹೇಳಿ.